ನೂರು ಮಕ್ಕಳ ಊರಲ್ಲಿ ನೂರಾ ಹನ್ನೆರಡು ಮಕ್ಕಳು ಶಾಲೆಗೆ!

ನೂರು ಮಾವಿನಹಣ್ಣಿನಲ್ಲಿ ನೂರಾ ಹನ್ನೆರಡು ಕೊಳೆತಿವೆ ಅಂತ ಯಾರಾದ್ರೂ ಹೇಳಿದ್ರೆ ನೀವು ನಂಬ್ತೀರಾ? ಅಂಗಡಿಯವನಿಗೆ ಬಿಸಿಲು ಹೆಚ್ಚಾಗಿದೆ ಅಂತೀರಿ. ಆದರೆ ಶಾಲಾ ದಾಖಲಾತಿಯ ಸರ್ಕಾರಿ ಪಟ್ಟಿಗಳಲ್ಲಿ ಇಂಥ ಅಂಕಿ ಮಾಮೂಲು. ಶೇಕಡಾ 104, 110, 112. ನಮ್ಮ ದೇಶದ ಕಥೆ ಮಾತ್ರ ಅಲ್ಲ ಇದು. ಯುರೋಪಿನ ಗ್ರೀಸ್ ದೇಶದಲ್ಲಿ ಉನ್ನತ ಶಿಕ್ಷಣದ ದಾಖಲಾತಿ ಅನುಪಾತ 150 ದಾಟಿದೆ. ಹಾಗಂತ ಗ್ರೀಸ್‌ನವರು ಒಬ್ಬೊಬ್ಬರೂ ಒಂದೂವರೆ ಡಿಗ್ರಿ ಓದ್ತಿದ್ದಾರೆ ಅಂತಲ್ಲ.

ಇಂಥ ಅಂಕಿ ಬಂದಾಗ ಟಿವಿಯಲ್ಲಿ ಎರಡೇ ರೀತಿಯ ಸುದ್ದಿ ಆಗುತ್ತೆ. ಒಂದು, 'ನಾವೇ ನಂಬರ್ ಒನ್'. ಇನ್ನೊಂದು, 'ಭಾರೀ ಗೋಲ್‌ಮಾಲ್'. ಎರಡೂ ಅಲ್ಲದ ಮೂರನೆಯದೊಂದಿದೆ. ಅದಕ್ಕೆ ನಾಲ್ಕನೇ ಕ್ಲಾಸಿನ ಭಿನ್ನರಾಶಿ ಸಾಕು. ಮೇಲೆ ಅಂಶ, ಕೆಳಗೆ ಛೇದ, ನಡುವೆ ಒಂದು ಗೆರೆ.

ಉದಾಹರಣೆಗೆ ಆವತಿ ತಗೊಳ್ಳೋಣ. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೋಗುವಾಗ ಸಿಗೋ ಊರು. ಕೆಂಪೇಗೌಡರ ಪೂರ್ವಿಕರಾದ ಆವತಿ ನಾಡಪ್ರಭುಗಳ ಊರು. ಇಲ್ಲಿ ಕೊಡುವ ಸಂಖ್ಯೆಗಳು ಬರೀ ಲೆಕ್ಕ ಅರ್ಥ ಆಗಲಿ ಅಂತ ನಾನು ಕಟ್ಟಿಕೊಂಡವು, ಊರಿನ ನಿಜವಾದ ಅಂಕಿ ಅಂದುಕೊಳ್ಳಬೇಡಿ. 6ರಿಂದ 10 ವರ್ಷದ ಮಕ್ಕಳು ಊರಲ್ಲಿ ಸರಿಯಾಗಿ 100 ಇದ್ದಾರೆ ಅಂತಿಟ್ಟುಕೊಳ್ಳಿ. ಇದು ಛೇದ. ಊರಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ಒಂದರಿಂದ ಐದನೇ ತರಗತಿವರೆಗೆ 112 ಹೆಸರುಗಳಿವೆ. ಇದು ಅಂಶ. ಭಾಗಿಸಿ, ನೂರರಿಂದ ಗುಣಿಸಿ: 112. ಒಟ್ಟು ದಾಖಲಾತಿ ಅನುಪಾತ ಅಂದ್ರೆ ಇಷ್ಟೇ. ತರಗತಿಯಲ್ಲಿ ಕೂತವರ ವಯಸ್ಸನ್ನ ಅದು ಕೇಳೋದೇ ಇಲ್ಲ.

ಈಗ ಆ 112ನ್ನ ಬಿಡಿಸಿ ನೋಡಿ. 84 ಮಕ್ಕಳು ಊರಿನವರೇ, ಸರಿಯಾದ ವಯಸ್ಸಿನವರೇ. 10 ಮಕ್ಕಳು ಪಕ್ಕದ ಹಳ್ಳಿಯಿಂದ ಬರುವವರು. ಉಳಿದ 18 ಮಕ್ಕಳು ಆರು ತುಂಬುವ ಮೊದಲೇ ಸೇರಿದವರು, ಇಲ್ಲವೇ ಹನ್ನೊಂದು ದಾಟಿದರೂ ಐದನೇ ತರಗತಿಯಲ್ಲೇ ಇರುವವರು. ಊರಿನ 100 ಮಕ್ಕಳ ಪೈಕಿ ಮಿಕ್ಕ 16 ಮಕ್ಕಳು ಎಲ್ಲಿ? 9 ಜನ ಹಳದಿ ಬಸ್ ಹತ್ತಿ ದೇವನಹಳ್ಳಿಗೋ ಚಿಕ್ಕಬಳ್ಳಾಪುರಕ್ಕೋ ಹೋಗ್ತಾರೆ. 4 ಜನ ಬೇಗ ಸೇರಿದ್ದರಿಂದ ಆಗಲೇ ಆರನೇ ತರಗತಿ ತಲುಪಿದ್ದಾರೆ. ಇನ್ನೂ 3 ಮಕ್ಕಳಿದ್ದಾರಲ್ಲ, ಅವರು ಯಾವ ಶಾಲೆಯಲ್ಲೂ ಇಲ್ಲ.

ವಯಸ್ಸು ನೋಡಿಯೇ ಎಣಿಸುವ ಇನ್ನೊಂದು ಲೆಕ್ಕ ಇದೆ, ನಿವ್ವಳ ದಾಖಲಾತಿ ಅನುಪಾತ. ನಮ್ಮ ಉದಾಹರಣೆಯಲ್ಲಿ ಅದು 84ಕ್ಕೆ 10 ಸೇರಿಸಿ 94. ಒಂದೇ ಊರು, ಒಂದೇ ದಿನ, ಎರಡು ಅಂಕಿ: 112 ಮತ್ತು 94. ಮೊದಲನೆಯದು ನೋಡಿದವರು 'ಗುರಿ ಮೀರಿದ ಸಾಧನೆ' ಅಂತಾರೆ. ಎರಡನೆಯದು ನೋಡಿದವರು 'ಆರು ಮಕ್ಕಳು ಶಾಲೆಗಿಲ್ಲ' ಅಂತಾರೆ. ನಿಜವಾಗಿ ಶಾಲೆಗಿಲ್ಲದವರು ಮೂರು ಮಂದಿ. ಆ ಮೂವರು ಎರಡೂ ಅಂಕಿಯಲ್ಲಿ ಕಾಣಲ್ಲ.

ಈ 18 ಮಕ್ಕಳ ವಿಷಯ ಸಣ್ಣದಲ್ಲ ಸ್ವಾಮಿ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ನಮ್ಮ ರಾಜ್ಯ 2022ರಲ್ಲಿ ಆದೇಶ ಮಾಡಿತು. ಅದು ಜಾರಿಗೆ ಬರಬೇಕಿದ್ದ 2025-26ರಲ್ಲಿ ಪೋಷಕರ ಒತ್ತಾಯಕ್ಕೆ ಮಣಿದು, ಆ ಒಂದು ವರ್ಷದ ಮಟ್ಟಿಗೆ, ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಲಾಯಿತು. ಸಾವಿರಾರು ಮನೆಗಳಿಗೆ ಸಮಾಧಾನ ಆಯ್ತು, ಸರಿ. ಆದರೆ ಒಟ್ಟು ಅನುಪಾತ ಈ ಮಕ್ಕಳನ್ನ ಎಣಿಸುತ್ತೆ, ನಿವ್ವಳ ಅನುಪಾತ ಹೊರಗಿಡುತ್ತೆ. ಶಾಲೆಗಳಲ್ಲಿ ಏನೂ ಬದಲಾಗದೆ, ಒಂದು ಸುತ್ತೋಲೆಯಿಂದಲೇ ಅಂಕಿ ಅಲುಗಾಡುತ್ತೆ.

ಒಂದೇ ರಾಜ್ಯದೊಳಗೆ ಹೀಗಿದ್ದರೆ ದೇಶ ದೇಶಗಳನ್ನ ಹೋಲಿಸುವವರ ಪಾಡು ನೋಡಿ. ಇಂಗ್ಲೆಂಡಿನಲ್ಲಿ ಐದಕ್ಕೇ ಶಾಲೆ ಕಡ್ಡಾಯ, ಉತ್ತರ ಐರ್ಲೆಂಡಿನಲ್ಲಿ ನಾಲ್ಕಕ್ಕೆ. ಫಿನ್ಲೆಂಡಿನಲ್ಲಿ ಒಂದನೇ ತರಗತಿ ಶುರುವಾಗೋದು ಏಳಕ್ಕೆ. 'ಆರು ವರ್ಷದ ಮಕ್ಕಳಲ್ಲಿ ಎಷ್ಟು ಜನ ಪ್ರಾಥಮಿಕ ಶಾಲೆಯಲ್ಲಿದ್ದಾರೆ' ಅಂತ ಕೇಳಿದ್ರೆ ಇಂಗ್ಲೆಂಡ್ ಹೆಚ್ಚುಕಮ್ಮಿ ನೂರು, ಫಿನ್ಲೆಂಡ್ ಹೆಚ್ಚುಕಮ್ಮಿ ಸೊನ್ನೆ. ಆ ಸೊನ್ನೆಯ ದೇಶವೇ 2000ರ ಪಿಸಾ ಪರೀಕ್ಷೆಯಲ್ಲಿ ಓದುವ ಸಾಮರ್ಥ್ಯಕ್ಕೆ ಮೊದಲ ಸ್ಥಾನ ಪಡೆದದ್ದು! ಇನ್ನು ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ನಗಬೇಡಿ, ನಮ್ಮಲ್ಲೂ ಇದೇ ಗೊಂದಲ. ಕೇಂದ್ರದ ವರ್ಗೀಕರಣದಲ್ಲಿ ಎಂಟನೇ ತರಗತಿ ಹಿರಿಯ ಪ್ರಾಥಮಿಕ, ಕರ್ನಾಟಕದಲ್ಲಿ ಅದು ಹೈಸ್ಕೂಲು.

ಇದಕ್ಕೇ ಯುನೆಸ್ಕೋ 1970ರ ದಶಕದಲ್ಲಿ ಶಿಕ್ಷಣದ ಹಂತಗಳಿಗೆ ಒಂದು ಅಂತರರಾಷ್ಟ್ರೀಯ ವರ್ಗೀಕರಣ ಮಾಡಿತು. 1997 ಮತ್ತು 2011ರಲ್ಲಿ ಅದನ್ನ ಪರಿಷ್ಕರಿಸಿದರು. ನಿಮ್ಮ ದೇಶದಲ್ಲಿ ಹೆಸರು ಏನೇ ಇರಲಿ, ಕಲಿಸೋದು ಯಾವ ಮಟ್ಟದ್ದು ಅಂತ ನೋಡಿ ಒಂದು ಅಂಕಣಕ್ಕೆ ಹಾಕುತ್ತಾರೆ. ಎಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತು: ಇಂಚಿನ ಬೋಲ್ಟಿಗೆ ಮಿಲಿಮೀಟರ್ ನಟ್ಟು ಕೂರಲ್ಲ. ಯುರೋಪಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೇರೆ ಪ್ರಶ್ನೆ ಕೇಳ್ತಾರೆ: 18ರಿಂದ 24ರ ವಯಸ್ಸಿನವರಲ್ಲಿ ಓದು ಅರ್ಧಕ್ಕೆ ಬಿಟ್ಟವರೆಷ್ಟು? 2030ರೊಳಗೆ ಅದನ್ನ ಶೇಕಡಾ 9ಕ್ಕಿಂತ ಕೆಳಗಿಳಿಸೋದು ಅವರ ಗುರಿ. ಎಷ್ಟು ಜನ ಸೇರಿದರು ಅನ್ನೋದಕ್ಕಿಂತ ಎಷ್ಟು ಜನ ಜಾರಿಹೋದರು ಅನ್ನೋದು ನನಗೂ ಒಳ್ಳೆಯ ಪ್ರಶ್ನೆ ಅನ್ನಿಸುತ್ತೆ.

ಗ್ರೀಸ್ ಕಥೆ ಬಾಕಿ ಇದೆ. ಅಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿ, ಪರೀಕ್ಷೆ ಮುಗಿಸದೆ ವರ್ಷಗಟ್ಟಲೆ ಉಳಿದವರ ಹೆಸರು ಪಟ್ಟಿಯಲ್ಲೇ ಇರುತ್ತಿತ್ತು. ಛೇದದಲ್ಲಿ ಐದು ವರ್ಷದ ಒಂದು ವಯೋಗುಂಪು, ಅಂಶದಲ್ಲಿ ಮೀಸೆ ಹಣ್ಣಾದ ವಿದ್ಯಾರ್ಥಿಗಳೂ ಸೇರಿ ಎಲ್ಲರೂ. ಮತ್ತೆ 150 ಆಗದೆ ಇನ್ನೇನು? ಲಕ್ಸೆಂಬರ್ಗ್‌ನದು ಉಲ್ಟಾ. ಯುರೋಪಿನ ಅತಿ ಶ್ರೀಮಂತ ದೇಶಗಳಲ್ಲೊಂದು, ಆದರೆ ಉನ್ನತ ಶಿಕ್ಷಣದ ಅನುಪಾತ ಬಹುಕಾಲ 20ರ ಆಸುಪಾಸು. ಕಾರಣ, ಅಲ್ಲಿನ ಹುಡುಗರು ಗಡಿ ದಾಟಿ ಜರ್ಮನಿ, ಫ್ರಾನ್ಸ್, ಬೆಲ್ಜಿಯಂನಲ್ಲಿ ಓದುತ್ತಾರೆ. ಮಗು ವಾಸ ಇರೋ ಕಡೆ ಛೇದಕ್ಕೆ ಸೇರುತ್ತೆ, ಓದೋ ಕಡೆ ಅಂಶಕ್ಕೆ ಸೇರುತ್ತೆ. ನಮ್ಮ ಉದಾಹರಣೆಯ ಹಳದಿ ಬಸ್ಸಿನ ಒಂಬತ್ತು ಮಕ್ಕಳ ಕಥೆಯೂ ಅದೇ. ಬಸ್ಸು ಚಿಕ್ಕಬಳ್ಳಾಪುರಕ್ಕೆ ಹೋದರೆ ಜಿಲ್ಲೆಯೇ ಬದಲಾಯಿತು.

ಇಷ್ಟು ಹೊತ್ತು ಗೆರೆಯ ಮೇಲಿನದ್ದೇ ಮಾತಾಯಿತು. ನಿಜವಾದ ತಲೆನೋವು ಇರೋದು ಕೆಳಗೆ. 100 ಮಕ್ಕಳಿದ್ದಾರೆ ಅಂತ ನಾನು ಸಲೀಸಾಗಿ ಬರೆದೆನಲ್ಲ, ಅದನ್ನ ಹೇಳಬೇಕಾದವರು ಯಾರು? ಜನಗಣತಿ. ನಮ್ಮ ಕೊನೆಯ ಗಣತಿ 2011ರದ್ದು. ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 9,90,923. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿ ಆಗಿನ್ನೂ ಮೂರು ವರ್ಷ. ಆಮೇಲೆ ದ್ರಾಕ್ಷಿ ತೋಟಗಳು ಲೇಔಟ್ ಆದವು, ಕಟ್ಟಡಗಳೆದ್ದವು, ಅವನ್ನ ಕಟ್ಟೋಕೆ ರಾಯಚೂರು, ಯಾದಗಿರಿಯಿಂದ ಜನ ಬಂದರು. 2011ರ ಗಣತಿಯನ್ನ ಆಧರಿಸಿ 2036ರವರೆಗೆ ಜನಸಂಖ್ಯೆಯ ಅಂದಾಜು ಮಾಡಿದ್ದಾರೆ ನಿಜ, ಆದರೆ ಅದು ರಾಜ್ಯದ ಮಟ್ಟಕ್ಕೆ. ಆವತಿಯ ಪಕ್ಕದ ಶೆಡ್ಡಿನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಅದು ಹೇಳಲ್ಲ. ಫಿನ್ಲೆಂಡಿನಲ್ಲಿ 1990ರಿಂದಲೇ ಗಣತಿ ಅಂದ್ರೆ ಮನೆಮನೆ ಸುತ್ತೋದಲ್ಲ. ಜನನ, ಮರಣ, ವಿಳಾಸದ ನೋಂದಣಿಯಿಂದಲೇ ಲೆಕ್ಕ ಸಿಗುತ್ತೆ. ನಮ್ಮ ಮುಂದಿನ ಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ.

ಎಣಿಸೋ ವಿಧಾನ ಬದಲಾದ್ರೆ ಏನಾಗುತ್ತೆ ಅಂತ ನಾವೇ ನೋಡಿದ್ವಿ. ಯುಡೈಸ್ ಪ್ಲಸ್ ವರದಿಯಲ್ಲಿ 2021-22ಕ್ಕೆ ದೇಶದ ಶಾಲಾ ಮಕ್ಕಳು 26.52 ಕೋಟಿ. 2023-24ಕ್ಕೆ 24.80 ಕೋಟಿ. ಒಂದು ಮುಕ್ಕಾಲು ಕೋಟಿ ಮಕ್ಕಳು ಶಾಲೆ ಬಿಟ್ಟುಬಿಟ್ಟರಾ? ಅದರ ನಡುವೆ ನಡೆದದ್ದು ಇದು: ಮೊದಲು ಶಾಲೆಗಳು ಒಟ್ಟು ಸಂಖ್ಯೆ ತುಂಬಿ ಕಳಿಸ್ತಿದ್ದವು, 2022-23ರಿಂದ ಒಬ್ಬೊಬ್ಬ ಮಗುವಿನ ಹೆಸರು ಸಮೇತ ದಾಖಲೆ ಕೊಡಬೇಕಾಯಿತು. ಎರಡು ಶಾಲೆಯಲ್ಲಿ ಹೆಸರಿದ್ದ ಮಗು ಒಂದಾಯಿತು. ಹಳೆಯ ಅಂಕಿಯ ಜೊತೆ ನೇರವಾಗಿ ಹೋಲಿಸಬಾರದು ಅಂತ ಸಚಿವಾಲಯವೇ ಹೇಳಿತು. ಜನನವೂ ಕಡಿಮೆಯಾಗ್ತಿದೆ, ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಅಲ್ಲಿಗೆ ಇಳಿಕೆಯೆಲ್ಲಾ ಬರೀ ಲೆಕ್ಕದ ಆಟ ಅಂತಲೂ ಅಲ್ಲ, ಎಲ್ಲಾ ಮಕ್ಕಳೂ ಬೀದಿಪಾಲಾದರು ಅಂತಲೂ ಅಲ್ಲ.

2022ರ ಇನ್ನೊಂದು ಸುದ್ದಿ ನಿಮಗೆ ನೆನಪಿರಬಹುದು: 'ರಾಜ್ಯದಲ್ಲಿ 10 ಲಕ್ಷ ಮಕ್ಕಳು ಶಾಲೆಯಿಂದ ಹೊರಗೆ'. ಹೈಕೋರ್ಟ್ 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಮಂಡನೆಯಾದ ಮನೆಮನೆ ಸಮೀಕ್ಷೆಯ ಅಂಕಿ ಅದು. ಅದರಲ್ಲಿ ಬಹುಪಾಲು ಅಂಗನವಾಡಿಗೆ ಹೋಗದ, ಆರು ವರ್ಷದೊಳಗಿನ ಮಕ್ಕಳು. ಆರು ದಾಟಿದವರು ಹದಿನೈದು ಸಾವಿರದ ಆಸುಪಾಸು. ಹದಿನೈದು ಸಾವಿರ ಸಣ್ಣ ಸಂಖ್ಯೆಯೇನಲ್ಲ, ಆದರೆ ಹತ್ತು ಲಕ್ಷದ ಗದ್ದಲದಲ್ಲಿ ಅವರನ್ನ ಹುಡುಕಬೇಕು ಅನ್ನೋ ಮಾತೇ ಮುಳುಗಿಹೋಯಿತು.

ಅಷ್ಟಕ್ಕೂ 'ಹೊರಗೆ' ಅಂದ್ರೆ ಯಾವಾಗಿನಿಂದ? ಕೇಂದ್ರದ ವ್ಯಾಖ್ಯೆಯಲ್ಲಿ 45 ದಿನ ಹೇಳದೆ ಕೇಳದೆ ಗೈರಾದರೆ. ಕರ್ನಾಟಕದ ನಿಯಮದಲ್ಲಿ 7 ದಿನ. ನಮ್ಮ ನಿಯಮ ಕಟ್ಟುನಿಟ್ಟು ಅನ್ನೋದು ಹೆಮ್ಮೆಯ ವಿಷಯ, ಆದರೆ ಹೆಸರು ಇರೋದು ಬೇರೆ, ಹುಡುಗ ಬರೋದು ಬೇರೆ. 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ 6ರಿಂದ 14 ವರ್ಷದವರ ದಾಖಲಾತಿ ಶೇಕಡಾ 98.1. ಸಮೀಕ್ಷೆಯವರು ಹೋದ ದಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕೂತಿದ್ದವರು ಸರಾಸರಿ ಶೇಕಡಾ 75.9.

ಯಾದಗಿರಿಯಿಂದ ಬಂದು ಇಲ್ಲಿನ ಶೆಡ್ಡಿನಲ್ಲಿ ತಮ್ಮನನ್ನ ನೋಡಿಕೊಂಡು ಕೂತ ಎಂಟು ವರ್ಷದ ಹುಡುಗಿಯ ಹೆಸರು ಅವಳ ಊರಿನ ಶಾಲೆಯ ಪುಸ್ತಕದಲ್ಲಿ ಇನ್ನೂ ಇರಬಹುದು. ಅಲ್ಲಿ ಅವಳು 'ದಾಖಲಾದ ಮಗು'. ಇಲ್ಲಿ ಅವಳು ಯಾರ ಲೆಕ್ಕದಲ್ಲೂ ಇಲ್ಲ, ಅಂಶದಲ್ಲೂ ಇಲ್ಲ, ಛೇದದಲ್ಲೂ ಇಲ್ಲ. ಪಕ್ಕದಲ್ಲಿ ಶಾಲೆ ಇದ್ದರೂ 'ಟಿಸಿ ಇಲ್ಲ' ಅನ್ನೋ ಭಯಕ್ಕೆ ಅಪ್ಪ ಅಮ್ಮ ಕೇಳೋಕೂ ಹೋಗಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತೆ: ವರ್ಗಾವಣೆ ಪತ್ರ ತಡವಾಯಿತು ಅಂತ ಮಗುವನ್ನ ಸೇರಿಸಿಕೊಳ್ಳೋದನ್ನ ತಡ ಮಾಡೋ ಹಾಗಿಲ್ಲ, ನಿರಾಕರಿಸೋ ಹಾಗೂ ಇಲ್ಲ. 4ನೇ ಸೆಕ್ಷನ್ ಪ್ರಕಾರ, ಮಧ್ಯೆ ಓದು ನಿಂತಿದ್ದರೂ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು, ಉಳಿದವರ ಸಮಕ್ಕೆ ಬರೋಕೆ ವಿಶೇಷ ತರಬೇತಿ ಕೊಡಬೇಕು. ನಿಮ್ಮ ಮನೆ ಪಕ್ಕ ಕಟ್ಟಡ ಏಳ್ತಿದ್ರೆ, ಅಲ್ಲಿನ ಮೇಸ್ತ್ರಿಗೆ ಇಷ್ಟು ಹೇಳಿದರೂ ಸಾಕು. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರ ಮುಂದೆ ಆ ಹುಡುಗಿಯನ್ನ ಕರ್ಕೊಂಡು ಹೋಗಿ ನಿಲ್ಲಿಸೋಕೆ ಟಿಸಿ ಬೇಕಾಗಿಲ್ಲ.