ನಡುವೆ ಇಟ್ಟ ಚಿತ್ರ ಅಟ್ಯಾಚ್‌ಮೆಂಟ್ ಆಗಿದ್ದೇಕೆ?

ಸಂಘದ ವಾರ್ಷಿಕೋತ್ಸವದ ಆಮಂತ್ರಣದ ಚಿತ್ರ ಇಮೇಲ್‌ನಲ್ಲಿ ಹೋಗುತ್ತದೆ. ಕಳಿಸಿದವರ ಪರದೆಯ ಮೇಲೆ ಅದು ನಟ್ಟನಡುವೆ ಅಂದವಾಗಿ ಕೂತಿರುತ್ತದೆ. ಪಡೆದವರಿಗೆ ಕಾಣುವುದು ಖಾಲಿ ಚೌಕ. ಪೇಪರ್‌ಕ್ಲಿಪ್ ಗುರುತಿನ ಪಕ್ಕ ‘ಇಮೇಜ್001.ಪಿಎನ್‌ಜಿ’ ಎಂಬ ಫೈಲು. ಕೆಲವರು ತೆರೆಯುತ್ತಾರೆ, ವೈರಸ್ ಇದ್ದೀತೆಂದು ಹೆದರಿದವರು ಮುಟ್ಟುವುದೇ ಇಲ್ಲ. ಈ ತೊಂದರೆಗೆ ಪರಿಹಾರ ಕಷ್ಟವಲ್ಲ. ಅದರ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಯಿಂದಾಗಿ ಎಲ್ಲೆಲ್ಲೋ ಹುಡುಕುತ್ತೇವೆ ಅಷ್ಟೆ.

ತಪ್ಪು ಕಲ್ಪನೆ 1: ಒಳಗೆ ಸೇರಿಸಿದ ಚಿತ್ರ ಪತ್ರದಲ್ಲೇ ಬೆರೆತಿರುತ್ತದೆ, ಅಟ್ಯಾಚ್ ಮಾಡಿದ್ದು ಮಾತ್ರ ಬೇರೆ ಫೈಲು.

ವಾಸ್ತವ: ಎರಡೂ ಬೇರೆ ಫೈಲುಗಳೇ. ಇಮೇಲ್ ಹುಟ್ಟಿದ್ದು ಬರೀ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸಲು. ಚಿತ್ರ, ಧ್ವನಿ, ಕನ್ನಡದಂಥ ಲಿಪಿಗಳಿಗೆ ಅದರಲ್ಲಿ ದಾರಿ ಮಾಡಿಕೊಟ್ಟದ್ದು ನೆಥೇನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ, 1992ರಲ್ಲಿ ಪ್ರಕಟವಾದ ‘ಮೈಮ್’ ನಿಯಮಾವಳಿ. ಅದರಂತೆ ಒಂದು ಪತ್ರದಲ್ಲಿ ಹಲವು ಭಾಗಗಳಿರಬಹುದು. ಚಿತ್ರವೂ ಅಂಥ ಒಂದು ಭಾಗ. ಅದಕ್ಕೊಂದು ಗುರುತಿನ ಹೆಸರಿರುತ್ತದೆ. ಪತ್ರದ ಬರಹದೊಳಗೆ ಆ ಹೆಸರನ್ನು ಎಲ್ಲಿ ಕರೆದಿದೆಯೋ ಅಲ್ಲಿ ಚಿತ್ರ ಮೂಡುತ್ತದೆ. ಕರೆಯದೇ ಇದ್ದರೆ, ಅಥವಾ ಕರೆದ ಹೆಸರು ತಾಳೆಯಾಗದಿದ್ದರೆ, ಅದೇ ಚಿತ್ರ ಕೆಳಗೆ ಅಟ್ಯಾಚ್‌ಮೆಂಟ್ ಆಗಿ ಉಳಿಯುತ್ತದೆ. ಸಮಸ್ಯೆಯ ಬೇರು ಇರುವುದೇ ಇಲ್ಲಿ.

ತಪ್ಪು ಕಲ್ಪನೆ 2: ತೊಂದರೆ ಪಡೆದವರ ಕಂಪ್ಯೂಟರಿನದು.

ವಾಸ್ತವ: ಮೊದಲು ನೋಡಬೇಕಾದದ್ದು ಕಳಿಸುವವರ ಕಡೆ. ಹೆಸರು ಹಿಡಿದು ಚಿತ್ರವನ್ನು ಕರೆಯಲು ಪತ್ರ ಎಚ್‌ಟಿಎಂಎಲ್ ರೂಪದಲ್ಲಿರಬೇಕು. ‘ಪ್ಲೇನ್ ಟೆಕ್ಸ್ಟ್’ನಲ್ಲಿ ಚಿತ್ರಕ್ಕೆ ಕೂರಲು ಜಾಗವೇ ಇಲ್ಲ. ಔಟ್‌ಲುಕ್‌ನಲ್ಲಿ ಪ್ಲೇನ್ ಟೆಕ್ಸ್ಟ್ ಪತ್ರಕ್ಕೆ ಉತ್ತರ ಬರೆದರೆ ಉತ್ತರವೂ ಸಾಮಾನ್ಯವಾಗಿ ಅದೇ ರೂಪ ತಾಳುತ್ತದೆ. ಸಹಿಯ ಜೊತೆಗಿನ ಲೋಗೋ ಕೆಲವರಿಗೆ ಹೋಗಿ ಕೆಲವರಿಗೆ ಹೋಗದಿರುವುದಕ್ಕೆ ಇದೂ ಒಂದು ಕಾರಣ. ‘ರಿಚ್ ಟೆಕ್ಸ್ಟ್’ ಆರಿಸಿದರೆ ಬೇರೆ ತಾಪತ್ರಯ: ಔಟ್‌ಲುಕ್ ಬಳಸದವರಿಗೆ ‘ವಿನ್‌ಮೇಲ್.ಡ್ಯಾಟ್’ ಎಂಬ ತೆರೆಯಲಾಗದ ಫೈಲು ತಲುಪಬಹುದು. ‘ಫಾರ್ಮ್ಯಾಟ್ ಟೆಕ್ಸ್ಟ್’ಗೆ ಹೋಗಿ ಎಚ್‌ಟಿಎಂಎಲ್ ಆರಿಸಿದರೆ ಬಹಳಷ್ಟು ದೂರುಗಳು ಅಲ್ಲಿಗೇ ಮುಗಿಯುತ್ತವೆ.

ಹಾಗೆಂದು ಪಡೆದವರ ಕಡೆ ತೊಡಕೇ ಇರದು ಎಂದಲ್ಲ. ಬಂದ ಪತ್ರಗಳನ್ನೆಲ್ಲ ಪ್ಲೇನ್ ಟೆಕ್ಸ್ಟ್‌ನಲ್ಲೇ ಓದುವಂತೆ ಅವರು ಹೊಂದಿಸಿರಬಹುದು. ಕಚೇರಿಯ ಮೇಲ್ ಸರ್ವರ್ ಪ್ರತಿ ಪತ್ರದ ಕೊನೆಗೆ ಎಚ್ಚರಿಕೆಯ ಸಾಲು ಸೇರಿಸುವಾಗ ಭಾಗಗಳ ಜೋಡಣೆಯನ್ನು ಕದಲಿಸಿರಬಹುದು. ಒಬ್ಬರಿಗಷ್ಟೇ ತೊಂದರೆಯಾದರೆ ಅವರ ಕಡೆ ಹುಡುಕಿ. ಎಲ್ಲರಿಗೂ ಆದರೆ ನಿಮ್ಮ ಕಡೆ.

ತಪ್ಪು ಕಲ್ಪನೆ 3: ನನ್ನ ಪರದೆಯಲ್ಲಿ ಸರಿ ಕಂಡರೆ ಎಲ್ಲರಿಗೂ ಸರಿ ಕಾಣುತ್ತದೆ.

ವಾಸ್ತವ: ಒಂದೇ ಪತ್ರವನ್ನು ಒಂದೊಂದು ತಂತ್ರಾಂಶ ಒಂದೊಂದು ರೀತಿ ತೋರಿಸುತ್ತದೆ. ಆಪಲ್ ಮೇಲ್ ಅಟ್ಯಾಚ್ ಮಾಡಿದ ಚಿತ್ರವನ್ನೂ ಪತ್ರದೊಳಗೇ ಹರಡಿ ತೋರಿಸುವುದರಿಂದ, ಅದನ್ನು ಬಳಸುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಅದರಲ್ಲಿರುವ ‘ವ್ಯೂ ಆ್ಯಸ್ ಐಕಾನ್’ ಬದಲಿಸುವುದು ನಿಮ್ಮ ನೋಟವನ್ನಷ್ಟೇ. ವಿಂಡೋಸ್‌ನ ಹಳೆಯ ಮಾದರಿಯ (ಕ್ಲಾಸಿಕ್) ಔಟ್‌ಲುಕ್‌ನಲ್ಲಿ 2007ರ ಆವೃತ್ತಿಯಿಂದ ಪತ್ರಗಳನ್ನು ಮೂಡಿಸುವ ಕೆಲಸ ವರ್ಡ್ ತಂತ್ರಾಂಶದ ಪಾಲಾಯಿತು. ಅದರ ನಡೆ ಜಿಮೇಲ್‌ಗಿಂತ ಬೇರೆ. ನೂರಾರು ಜನರಿಗೆ ಕಳಿಸುವ ಮುನ್ನ ಒಂದು ಜಿಮೇಲ್, ಒಂದು ಔಟ್‌ಲುಕ್, ಒಂದು ಫೋನು ಇಷ್ಟಕ್ಕಾದರೂ ಕಳಿಸಿ ನೋಡಿ.

ತಪ್ಪು ಕಲ್ಪನೆ 4: ಪ್ರೋಗ್ರಾಂನಲ್ಲಿ ‘ಇನ್‌ಲೈನ್’ ಎಂದು ಬರೆದರೆ ಸಾಕು.

ವಾಸ್ತವ: ತಾನಾಗಿ ರಸೀದಿ, ಟಿಕೆಟ್ ಕಳಿಸುವ ಪ್ರೋಗ್ರಾಂಗಳಲ್ಲಿ ಈ ತಪ್ಪು ಹೆಚ್ಚು. ‘ಇನ್‌ಲೈನ್’ ಎನ್ನುವುದು ಚಿತ್ರವನ್ನು ಬರಹದೊಳಗೇ ತೋರಿಸು ಎಂದು ಪತ್ರ ತೋರಿಸುವ ತಂತ್ರಾಂಶಕ್ಕೆ ಕೊಟ್ಟ ಸೂಚನೆ ಮಾತ್ರ. ಅದರ ಜೊತೆಗೆ ಬರಹವೂ ಚಿತ್ರವೂ ‘ಮಲ್ಟಿಪಾರ್ಟ್/ರಿಲೇಟೆಡ್’ ಎಂಬ ಒಂದೇ ಗುಂಪಿನಲ್ಲಿರಬೇಕು. ‘ಮಲ್ಟಿಪಾರ್ಟ್/ಮಿಕ್ಸೆಡ್’ನಲ್ಲಿ ಹಾಕಿದರೆ ಅವೆರಡಕ್ಕೂ ಸಂಬಂಧವಿಲ್ಲ ಎಂದಂತಾಗುತ್ತದೆ. ಚಿತ್ರದ ‘ಕಂಟೆಂಟ್-ಐಡಿ’ಯಲ್ಲಿ ಹೆಸರು ಕೋನದ ಆವರಣದೊಳಗೆ ಇರಬೇಕು: <ಲೋಗೋ@ಸಂಘ>. ಎಚ್‌ಟಿಎಂಎಲ್‌ನಲ್ಲಿ ಕರೆಯುವಾಗ ಆ ಆವರಣ ಇರಬಾರದು: ಸಿಐಡಿ:ಲೋಗೋ@ಸಂಘ. ಇಲ್ಲಿ ಓದಲೆಂದು ಕನ್ನಡದಲ್ಲಿ ಕೊಟ್ಟ ಈ ಹೆಸರು ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಆವರಣ ತಪ್ಪಿದರೂ, ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಚಿತ್ರ ಅಟ್ಯಾಚ್‌ಮೆಂಟ್‌ಗಳ ಸಾಲಿಗೆ ಜಾರಬಹುದು. ಪಿಎಚ್‌ಪಿ ಮೇಲರ್ ಬಳಸುವವರು ‘ಆ್ಯಡ್ ಅಟ್ಯಾಚ್‌ಮೆಂಟ್’ ಬದಲು ‘ಆ್ಯಡ್ ಎಂಬೆಡೆಡ್ ಇಮೇಜ್’ ಕರೆಯಬೇಕು. ಜಿಮೇಲ್‌ನಲ್ಲಿ ಪತ್ರದ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿದರೆ ಇದೆಲ್ಲ ಕಣ್ಣೆದುರೇ ಇರುತ್ತದೆ. ಊಹಿಸುತ್ತ ಕೂರುವುದಕ್ಕಿಂತ ಅದನ್ನು ಓದುವುದು ಮೇಲು.

ತಪ್ಪು ಕಲ್ಪನೆ 5: ಚಿತ್ರವನ್ನು ಕೋಡಿನೊಳಗೇ ತುಂಬಿದರೆ, ಇಲ್ಲವೇ ಲಿಂಕ್ ಕೊಟ್ಟರೆ ಚಿಂತೆಯಿಲ್ಲ.

ವಾಸ್ತವ: ಎಚ್‌ಟಿಎಂಎಲ್‌ನೊಳಗೇ ಅಕ್ಷರರೂಪದಲ್ಲಿ ತುಂಬಿದ ಚಿತ್ರವನ್ನು ಜಿಮೇಲ್ ತೋರಿಸುವುದಿಲ್ಲ. ಲಿಂಕ್ ಕೊಟ್ಟರೆ ಅಟ್ಯಾಚ್‌ಮೆಂಟ್ ಕಾಟ ತಪ್ಪುತ್ತದೆ, ಪತ್ರವೂ ಹಗುರವಾಗುತ್ತದೆ. ಆದರೆ ಹೊರಗಿನ ಚಿತ್ರದ ಮೂಲಕ ಪತ್ರ ತೆರೆದದ್ದನ್ನು ಪತ್ತೆಹಚ್ಚಬಹುದಾದ್ದರಿಂದ, ಹಲವು ತಂತ್ರಾಂಶಗಳು ಓದುಗರು ಒಪ್ಪುವ ತನಕ ಅದನ್ನು ತಡೆಹಿಡಿಯುತ್ತವೆ. ಸರ್ವರ್‌ನಿಂದ ಚಿತ್ರ ತೆಗೆದರೆ ಹಳೆಯ ಪತ್ರದಲ್ಲೂ ಅದು ಇಲ್ಲವಾಗಬಹುದು. ಸಹಿಯ ಚಿಕ್ಕ ಲೋಗೋಗೆ ಕಂಟೆಂಟ್-ಐಡಿ ಹಿಡಿದು ಕರೆಯುವ ಸಿಐಡಿ ವಿಧಾನ, ಸಾವಿರಾರು ಜನರಿಗೆ ಹೋಗುವ ಸುದ್ದಿಪತ್ರಕ್ಕೆ ಲಿಂಕ್ ಸೂಕ್ತ.

ತಪ್ಪು ಕಲ್ಪನೆ 6: ಚಿತ್ರ ದೊಡ್ಡದಾದ್ದರಿಂದ ಅಟ್ಯಾಚ್‌ಮೆಂಟ್ ಆಯಿತು.

ವಾಸ್ತವ: ಸ್ಥಾನ ನಿರ್ಧರಿಸುವುದು ಗಾತ್ರವಲ್ಲ. ಗಾತ್ರದ ಚಿಂತೆಯೇ ಬೇರೆ: ಸಾಗಿಸಲೆಂದು ಚಿತ್ರವನ್ನು ಅಕ್ಷರಗಳಾಗಿ ಬದಲಿಸುವ ಬೇಸ್64 ಪದ್ಧತಿಯಲ್ಲಿ ಪ್ರತಿ 3 ಬೈಟ್‌ಗೆ 4 ಅಕ್ಷರ ಬೇಕಾಗುವುದರಿಂದ ಚಿತ್ರದ ತೂಕ ಸುಮಾರು ಮೂರನೇ ಒಂದು ಪಾಲು ಏರುತ್ತದೆ. ಕಳಿಸುವ ಮುನ್ನ ಕುಗ್ಗಿಸುವುದು ಒಳ್ಳೆಯದು.

ತಪ್ಪು ಕಲ್ಪನೆ 7: ಇಡೀ ಆಹ್ವಾನವನ್ನೇ ಚಿತ್ರವಾಗಿ ಕಳಿಸಿದರೆ ಕನ್ನಡ ಅಕ್ಷರ ಕೆಡುವುದಿಲ್ಲ.

ವಾಸ್ತವ: ಕಳಿಸಿದವರ ಬಳಿಯಿದ್ದ ಫಾಂಟ್ ಓದುವವರ ಬಳಿ ಇಲ್ಲದೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲದಲ್ಲಿ ಆ ಉಪಾಯ ಸರಿಯಿತ್ತು. ಇಂದು ಯೂನಿಕೋಡ್ ಕನ್ನಡ ಫೋನುಗಳಲ್ಲೂ ಕಂಪ್ಯೂಟರುಗಳಲ್ಲೂ ಸರಾಗವಾಗಿ ಮೂಡುತ್ತದೆ. ಚಿತ್ರದೊಳಗಿನ ಅಕ್ಷರವನ್ನು ದೃಷ್ಟಿ ಸಮಸ್ಯೆಯುಳ್ಳವರು ಬಳಸುವ ಸ್ಕ್ರೀನ್ ರೀಡರ್ ಬರಹದಂತೆ ಓದಲಾರದು. ಅಂಥವರನ್ನು ನಾವೇ ಕಾರ್ಯಕ್ರಮದಿಂದ ಹೊರಗಿಟ್ಟಂತೆ. ಚಿತ್ರಕ್ಕೆ ‘ಆಲ್ಟ್ ಟೆಕ್ಸ್ಟ್’ ಆಗಿ ಕನ್ನಡದಲ್ಲೇ ಒಂದು ಸಾಲು ವಿವರಣೆ ಕೊಡಿ. ದಿನಾಂಕ, ಸಮಯ, ಸ್ಥಳಗಳನ್ನು ಅಕ್ಷರದಲ್ಲಿ ಟೈಪ್ ಮಾಡಿ. ಆಗ ಚಿತ್ರ ಎಲ್ಲಿ ಕೂತರೂ, ಕಾಣದೇ ಹೋದರೂ, ಹೇಳಬೇಕಾದ ಮಾತು ತಲುಪುತ್ತದೆ.