ಮೂರು ಯಂತ್ರ, ಒಂದೇ ಲೆಕ್ಕ

ನಮ್ಮೂರ ಡೇರಿಯಲ್ಲಿ ಬೆಳಿಗ್ಗೆ, ಸಂಜೆ ಬರುವ ಹಾಲಿನ ಲೀಟರು, ಫ್ಯಾಟಿನ ಲೆಕ್ಕ ನನ್ನ ಹೊಣೆ. ಅದನ್ನು ಒಂದೇ ಕಂಪ್ಯೂಟರಿಗೆ ಒಪ್ಪಿಸಲು ಮನಸ್ಸಾಗದೆ, ಮೂರು ಯಂತ್ರಗಳಲ್ಲಿ ಒಂದೇ ಲೆಕ್ಕ ಇಡಬಲ್ಲ ಆರ್‌ಕ್ಯೂಲೈಟ್ ಎಂಬ ಡೇಟಾಬೇಸ್ ಆರಿಸಿಕೊಂಡೆ. 2000ದಲ್ಲಿ ರಿಚರ್ಡ್ ಹಿಪ್ ರೂಪಿಸಿದ ಎಸ್‌ಕ್ಯೂಲೈಟ್ ಡೇಟಾಬೇಸೇ ಇದರ ಒಡಲಲ್ಲಿದೆ. ಯಂತ್ರಗಳ ನಡುವೆ ಒಮ್ಮತ ತರುವುದು ರಾಫ್ಟ್ ಎಂಬ ವಿಧಾನ. ಮೂರರಲ್ಲಿ ಎರಡು ಒಪ್ಪಿದರೆ ದಾಖಲೆ ಖಾಯಂ; ಒಂದು ಕೆಟ್ಟರೂ ಕೆಲಸ ನಿಲ್ಲದು.

ಅಳವಡಿಕೆ ಸರಳ: ಮೂರೂ ಕಡೆ ಅದೇ ಪ್ರೋಗ್ರಾಂ ಇಟ್ಟು, ಒಂದೊಂದಕ್ಕೂ ಬೇರೆ ಗುರುತು ಕೊಟ್ಟು, ಮೊದಲನೆಯದಕ್ಕೆ ಉಳಿದೆರಡನ್ನು ಸೇರಿಸಿದರಾಯಿತು.

ಹೊಸ ಆವೃತ್ತಿ ಹಾಕುವಾಗ ಮಾತ್ರ ಅವಸರ ಕೂಡದು. ಮೊದಲು ಬ್ಯಾಕಪ್ ತೆಗೆಯಿರಿ. ಬಳಿಕ ಒಂದು ಯಂತ್ರ ನಿಲ್ಲಿಸಿ, ಪ್ರೋಗ್ರಾಂ ಬದಲಿಸಿ, ಚಾಲೂ ಮಾಡಿ. ಅದು ಬಾಕಿ ದಾಖಲೆಗಳನ್ನೆಲ್ಲ ತುಂಬಿಕೊಂಡ ಮೇಲೆಯೇ ಮುಂದಿನದಕ್ಕೆ ಕೈ ಹಾಕಿ. ಎರಡನ್ನು ಒಟ್ಟಿಗೆ ನಿಲ್ಲಿಸಿದರೆ ಬಹುಮತ ತಪ್ಪಿ, ಹೊಸ ಲೆಕ್ಕ ಬರೆಯಲಾಗದು. ರೈತರ ದುಡಿಮೆಯ ಲೆಕ್ಕಕ್ಕೆ ಇಷ್ಟು ತಾಳ್ಮೆ ಸಲ್ಲಲೇಬೇಕು.