ಕೈತೋಟದ ಕೊಳಕ್ಕೊಂದು ಸೋಸುಪಾತಿ

ಜೀಡಿಮೆಟ್ಲಾದ ಕಾರ್ಖಾನೆಗಳ ನೆರೆಯಲ್ಲಿ ಮನೆ ಮಾಡಿಕೊಂಡವನಿಗೆ ತಾವರೆಕೊಳದ ಹಂಬಲವೇಕೆಂದು ಆಪ್ತರು ಕೇಳಿದ್ದುಂಟು. ಕೆರೆಯ ದಂಡೆಯಲ್ಲಿ ಬಾಲ್ಯವನ್ನು ಕಳೆದ ಕನ್ನಡ ಬಂಧುಗಳಿಗೆ ಇದಕ್ಕೆ ಉತ್ತರ ಹೇಳಬೇಕಾಗಿಲ್ಲ. ನಿವೃತ್ತಿಯ ತರುವಾಯ ಹಿತ್ತಲಿನಲ್ಲಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳವನ್ನು ಕಟ್ಟಿಸಿ ಮೀನು ಬಿಟ್ಟೆನು. ಎರಡೇ ತಿಂಗಳಲ್ಲಿ ನೀರು ಪಾಚಿಯಿಂದ ಹಸಿರಾಯಿತು. ಮೀನುಗಳು ಒಂದೊಂದಾಗಿ ಸತ್ತು ತೇಲಿದುವು.

ಕಾರಣ ಗಹನವಾದುದೇನೂ ಅಲ್ಲ. ಮೀನಿನ ವಿಸರ್ಜನೆಯಿಂದಲೂ ಅದು ತಿನ್ನದೆ ಬಿಟ್ಟ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟು ಗಿಡಗಳಿಗೆ ಗೊಬ್ಬರ. ಗಿಡಗಳಿಲ್ಲದೆಡೆ ಅದು ಪಾಚಿಯ ಪಾಲು. ಸೂಕ್ಷ್ಮಜೀವಿಗಳು ಅಂಟಿಕೊಳ್ಳಲು ಕಲ್ಲು, ಅವುಗಳಿಗೆ ಆಮ್ಲಜನಕ ತರುವ ಹರಿನೀರು, ಗೊಬ್ಬರವನ್ನು ಹೀರುವ ಬೇರು, ಈ ಮೂರನ್ನೂ ಒಂದೆಡೆ ಕೂಡಿಸಿದರೆ ಅದೇ ಸೋಸುಪಾತಿ. ನಮ್ಮ ಹಿರಿಯರು ಬಚ್ಚಲ ನೀರನ್ನು ಬಾಳೆ, ಕೆಸುವಿನ ಬುಡಕ್ಕೆ ಹಾಯಿಸುತ್ತಿದ್ದುದು ಇದೇ ತತ್ತ್ವದ ಮೇಲೆ. ಬೆಂಗಳೂರಿನ ಜಕ್ಕೂರು ಕೆರೆಗೆ ಶುದ್ಧೀಕರಿಸಿದ ಕೊಳಚೆನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಸೇರುವ ಏರ್ಪಾಡು, ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ 2018ರ ವಿಶ್ವ ಜೌಗುಭೂಮಿ ದಿನದಂದು ತೇಲಿಬಿಟ್ಟ ಸಸ್ಯಪಾತಿ, ಇವೆರಡೂ ಇದರ ಹಿರಿಯ ಬಂಧುಗಳೇ.

ಕೊಳದ ವಿಸ್ತೀರ್ಣದ ಐದನೆಯ ಒಂದು ಪಾಲು ಪಾತಿಗೆ ಸಾಕು. ನನ್ನದು ಕೊಳಕ್ಕೆ ತಗುಲಿದಂತೆಯೇ ಎಂಟು ಅಡಿ ಉದ್ದ, ಎರಡು ಅಡಿ ಅಗಲದ ಇಟ್ಟಿಗೆಯ ತೊಟ್ಟಿ. ಹೊಸ ಸಿಮೆಂಟು ನೀರಿಗೆ ಕ್ಷಾರವನ್ನು ಬಿಡುವುದರಿಂದ ನಾಲ್ಕಾರು ಬಾರಿ ನೀರು ತುಂಬಿ ಚೆಲ್ಲಬೇಕು. ತಳದಲ್ಲಿ ಒಂದೂವರೆ ಅಂಗುಲದ ಪಿವಿಸಿ ಕೊಳವೆಯನ್ನು ಉದ್ದಕ್ಕೂ ಮಲಗಿಸಿ, ಅದರ ಮೇಲ್ಭಾಗದಲ್ಲಿ ಎರಡೆರಡು ಅಂಗುಲಕ್ಕೊಂದರಂತೆ ಗರಗಸದಿಂದ ಸೀಳು ಕೊಯ್ಯಿಸಿದೆನು. ಕೊಳವೆಯ ತುದಿಯನ್ನು ಮೇಲಕ್ಕೆತ್ತಿ ಮುಚ್ಚಳ ಹಾಕಿಸುವುದನ್ನು ಮರೆಯಬಾರದು. ಮುಂದೆ ಕೆಸರು ತೊಳೆಯಲು ಅದೊಂದೇ ದಾರಿ. ಮೇಲೆ ಒಂದಡಿ ದಪ್ಪಕ್ಕೆ ಬಟಾಣಿ ಗಾತ್ರದ, ಚೆನ್ನಾಗಿ ತೊಳೆದ ಜಲ್ಲಿ. ಗಂಟೆಗೆ ಸುಮಾರು 3,000 ಲೀಟರ್ ಎತ್ತುವ ಪಂಪು ಕೊಳದ ತಳದ ನೀರನ್ನು ಕೊಳವೆಗೆ ಒತ್ತುತ್ತದೆ. ಅದು ಜಲ್ಲಿಯ ನಡುವೆ ಮೇಲೇರಿ, ತಗ್ಗಿಸಿದ ಅಂಚಿನಿಂದ ಕೊಳಕ್ಕೆ ಮರಳುತ್ತದೆ. ನೀರು, ವಿದ್ಯುತ್ತು ಎರಡೂ ಸೇರುವೆಡೆ ಇ.ಎಲ್.ಸಿ.ಬಿ. ಇಲ್ಲದೆ ಪಂಪು ಹಾಕಿಸುವುದು ಪ್ರಾಣದೊಡನೆ ಸರಸವಾದೀತು.

ಗಿಡಗಳ ಬೇರಿನ ಮಣ್ಣನ್ನೆಲ್ಲ ತೊಳೆದು ಜಲ್ಲಿಯಲ್ಲೇ ನೆಡಬೇಕು, ಗೊಬ್ಬರ ಹಾಕಲೇಕೂಡದು. ಕಾಬಾಳೆ, ಕೆಸು, ಒಂದೆಲಗ ನಾನು ನೆಟ್ಟವು. ಹಸುಗೂಸಿಗೆ ತೇಯ್ದು ನೆಕ್ಕಿಸುತ್ತಿದ್ದ ಬಜೆಯೂ ಜೌಗಿನ ಗಿಡವೇ ಎಂಬುದು ಅನೇಕರಿಗೆ ತಿಳಿಯದು. ಆದರೆ ಈ ಪಾತಿಯ ಒಂದೆಲಗವನ್ನು ತಂಬುಳಿಗೆ ಕೀಳಬಾರದು. ಅದು ಮೀನಿನ ಹೊಲಸನ್ನುಂಡು ಬೆಳೆದುದು.

ಎರಡು ವರ್ಷ ನೀರು ತಿಳಿಯಾಗಿತ್ತು, ನಾನು ಅಲಕ್ಷ್ಯನಾದೆನು. ಮೂರನೆಯ ಮಳೆಗಾಲದಲ್ಲಿ ಮೊಮ್ಮಗನಿಗೆ ಡೆಂಗ್ಯೂ ಬಂದಿತು. ಐದು ದಿನ ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ ಎಣಿಕೆಯನ್ನು ಕಾಯುತ್ತ ಕುಳಿತಿದ್ದಾಗ ಸೊಸೆ, "ಕೊಳ ಮುಚ್ಚಿಸಿಬಿಡಿ, ಮಾವ" ಎಂದಳು. ಮರುಮಾತಾಡುವ ಧೈರ್ಯ ನನಗಿರಲಿಲ್ಲ. ಮಲೇರಿಯಾದ ಪರೋಪಜೀವಿಯನ್ನು ಸೊಳ್ಳೆಯ ಜಠರದಲ್ಲಿ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡುದು ನಮ್ಮ ಸಿಕಂದರಾಬಾದಿನಲ್ಲೇ. ಈ ಊರಿನವರಾದ ನಾವು ಸೊಳ್ಳೆಯನ್ನು ಮರೆಯಬಾರದಾಗಿತ್ತು.

ಮನೆಗೆ ಬಂದು ಟಾರ್ಚು ಹಿಡಿದು ಹುಡುಕಿದೆನು. ಕೊಳದಲ್ಲಿ ಒಂದು ಮರಿಯೂ ಇರಲಿಲ್ಲ. ಗಪ್ಪಿ ಮೀನುಗಳು ತಿಂದಿದ್ದುವು. ಸೊಳ್ಳೆಮರಿಗಳು ಕಂಡುದು ಹೂಕುಂಡದ ತಟ್ಟೆಯಲ್ಲಿ, ಮತ್ತು ಸೋಸುಪಾತಿಯ ಮೂಲೆಯಲ್ಲಿ! ಕಾಬಾಳೆಯ ಬೇರು ಹೆಣೆದು ಸೀಳುಗಳು ಕಟ್ಟಿದ್ದುವು, ಜಲ್ಲಿ ಕುಸಿದು ಅಂಗೈಯಗಲದ ಗುಂಡಿಯಾಗಿತ್ತು. ಅಲ್ಲಿಗೆ ಮೀನು ಹೋಗಲಾರದು, ನೀರೂ ಚಲಿಸದು. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಮಗುವನ್ನು ಕಚ್ಚಿದ ಸೊಳ್ಳೆ ಎಲ್ಲಿಯದೆಂದು ಯಾರು ಹೇಳಬಲ್ಲರು? ಆದರೂ ಆ ಗುಂಡಿ ನನ್ನದೇ.

ಅಂದಿನಿಂದ ಜಲ್ಲಿಯನ್ನು ನೀರಿನ ಮಟ್ಟಕ್ಕಿಂತ ಒಂದಂಗುಲ ಎತ್ತರವೇ ಇರಿಸಿ, ಪ್ರತಿ ಭಾನುವಾರ ಕೈಯಾಡಿಸಿ ಸಮಮಾಡುತ್ತೇನೆ. ಒಣಗಿದ ಎಲೆಗಳು ಕೊಳೆಯುವ ಮೊದಲೇ ಹೊರಗೆ. ಅವು ಅಲ್ಲೇ ಕೊಳೆತರೆ ಹೀರಿದ ಗೊಬ್ಬರವೆಲ್ಲ ನೀರಿಗೇ ಮರಳುತ್ತದೆ. ವರ್ಷಕ್ಕೊಮ್ಮೆ ಮುಚ್ಚಳ ತೆರೆದು ಕೊಳವೆ ತೊಳೆಯುವುದು, ಗಿಡಗಳಲ್ಲಿ ಮೂರನೆಯ ಒಂದು ಪಾಲನ್ನು ಕಿತ್ತುಹಾಕುವುದು. ಪಂಪು ಹಗಲಿರುಳು ನಡೆಯಬೇಕು. ಬಹುಕಾಲ ವಿದ್ಯುತ್ತಿಲ್ಲದೆ ಜಲ್ಲಿಯಿಂದ ದುರ್ವಾಸನೆ ಬಂದರೆ, ಮೊದಲು ಬರುವ ನೀರನ್ನು ಕೊಳಕ್ಕೆ ಬಿಡದೆ ಹೊರಚೆಲ್ಲಬೇಕು. ಕಾರ್ಖಾನೆಯ ರಾಸಾಯನಿಕ ಬೆರೆತಿರಬಹುದೆಂಬ ಶಂಕೆಯಿರುವ ಬೋರ್‌ವೆಲ್ ನೀರಿಗೆ ಈ ಪಾತಿ ಮದ್ದಲ್ಲ. ಅಂತಹ ನೀರನ್ನು ತುಂಬಲೇಬಾರದು. ನಲ್ಲಿ ನೀರಿಗೆ ಕ್ಲೋರಿನ್ ಹಾಕಿದ್ದರೆ ಒಂದೆರಡು ದಿನ ತೆರೆದ ತೊಟ್ಟಿಯಲ್ಲಿಟ್ಟು ಬಳಸಬೇಕು.

ಕೊಳವನ್ನು ಮುಚ್ಚಿಸಲಿಲ್ಲ. ಹೂಕುಂಡದ ತಟ್ಟೆಗಳ ತಪಾಸಣೆ ಈಗ ಮೊಮ್ಮಗನ ಅಧಿಕಾರ. ಮಳೆಗಾಲಕ್ಕೆ ಮುನ್ನ ಪಾತಿಯನ್ನು ವಿರಳಗೊಳಿಸುವಾಗ ಕಾಬಾಳೆ, ಬಜೆಯ ಗೆಡ್ಡೆಗಳು ಬುಟ್ಟಿಗಟ್ಟಲೆ ಉಳಿಯುತ್ತವೆ. ಸಂಘದ ಬಂಧುಗಳು ಚೀಲವೊಂದನ್ನು ತಂದರೆ ಸಾಕು.